ತೂತು ಹೇಳುವ ನಿಜ

ಮೊನೆಯುಳ್ಳ ಜರ್ಮನ್ ಶಿರಸ್ತ್ರಾಣ, ಅಂದರೆ ಪಿಕಲ್‌ಹೌಬ, ಕೈಗೆ ಬಂದಾಗ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಹಣೆಯ ಮೇಲಿನ ಹೊಳೆಯುವ ಫಲಕಕ್ಕೆ. ಹೋಗಬೇಕಾದದ್ದು ಅದರ ಹಿಂದಿನ ತೂತುಗಳಿಗೆ.

1842ರಲ್ಲಿ ಪ್ರಷ್ಯಾದ ಸೈನ್ಯ ಇದನ್ನು ತೊಟ್ಟಿತು. ಮುಂದೆ ಇತರ ಜರ್ಮನ್ ರಾಜ್ಯಗಳೂ ತೊಟ್ಟವು. ಫಲಕ ಮಾತ್ರ ಅವರವರದು: ಪ್ರಷ್ಯಾಕ್ಕೆ ಹದ್ದು, ಬವೇರಿಯಾಕ್ಕೆ ಸಿಂಹಗಳು ಹಿಡಿದ ಲಾಂಛನ. ಚಿಕ್ಕ ರಾಜ್ಯಗಳ ಫಲಕ ಅಪರೂಪ, ಆದ್ದರಿಂದ ದುಬಾರಿ. ಸಾಧಾರಣ ಶಿರಸ್ತ್ರಾಣದ ಹದ್ದು ಕಿತ್ತು ಅಂಥದೊಂದನ್ನು ಕೂರಿಸುವ ಆಸೆ ಹುಟ್ಟುವುದು ಇಲ್ಲೇ. ಬಿಡಿಬಿಡಿಯಾಗಿ ಎಲ್ಲವೂ ಅಸಲಿ, ಒಟ್ಟು ವಸ್ತು ನಕಲಿ.

ಚರ್ಮ ಇದನ್ನು ಮರೆಯುವುದಿಲ್ಲ. ಹಿಂದೆ ಸೈನ್ಯವೇ ಮಾಡಿದ ಬದಲಾವಣೆಗಳೂ ಉಂಟು. ಹಾಗಾಗಿ ಹೆಚ್ಚಿನ ತೂತು ಕಂಡೊಡನೆ ತೀರ್ಪು ಕೊಡಬಾರದು, ಅಂಚು ನೋಡಬೇಕು. ಹಳೆಯ ತೂತು ಮಾಸಿ ಕಪ್ಪಾಗಿರುತ್ತದೆ, ಹೊಸದು ಬಿಳಿಚಿಕೊಂಡಿರುತ್ತದೆ. ಕಾಲವೂ ಹೊಂದಬೇಕು: ಕಳಚುವ ಮೊನೆಯ 1915ರ ಮಾದರಿಗೆ ಬೂದುಬಣ್ಣದ ಲೋಹವೇ ಸಹಜ, ಅದರ ಮೇಲೆ ಥಳಥಳಿಸುವ ಹಿತ್ತಾಳೆಯ ಹದ್ದಿದ್ದರೆ ಪ್ರಶ್ನೆ ಕೇಳಲೇಬೇಕು. ಮುದ್ರೆಯೊಂದೇ ಸಾಕ್ಷಿಯಲ್ಲ. ಸೈನ್ಯ ಕೊಟ್ಟದ್ದರಲ್ಲಿ ರೆಜಿಮೆಂಟಿನ ಮುದ್ರೆ ಸಿಗಬಹುದು. ಸಿಪಾಯಿ ಸ್ವಂತ ದುಡ್ಡಿನಲ್ಲಿ ಕೊಂಡದ್ದರಲ್ಲಿ ಅದು ಇಲ್ಲದಿರುವುದು ಸಹಜ.

ಮಾರುವವರ ಕಥೆ ಎಷ್ಟೇ ಸೊಗಸಾಗಿದ್ದರೂ ಪುರಾವೆಯಾಗದು. ಕಳೆದ ಭಾಗಕ್ಕೆ ಬೇರೆಯದನ್ನು ಜೋಡಿಸಿ ‘ಪೂರ್ತಿ’ ಮಾಡುವ ಸಂಗ್ರಾಹಕರೂ ಉಪಕಾರ ಮಾಡುತ್ತಿಲ್ಲ. ಹಾಗೆ ಜೋಡಿಸಿದ ದಿನ ಒಬ್ಬ ಸಿಪಾಯಿಯ ರಾಜ್ಯ, ರೆಜಿಮೆಂಟು ಅಳಿಸಿಹೋಗುತ್ತವೆ. ಹದ್ದು ಕಳೆದುಕೊಂಡು ಬೋಳಾದ ಶಿರಸ್ತ್ರಾಣಕ್ಕೆ ಬೆಲೆ ಕಡಿಮೆ ಬಂದೀತು. ಅದನ್ನು ಬೋಳಾಗಿಯೇ ಬಿಡುವುದು ಲೇಸು.