ಆದೇಶದ ನೆಪ, ವಿಜ್ಞಾನದ ನೆಪ

ನಾಜಿ ವೈದ್ಯರು ಸರ್ವಾಧಿಕಾರಿಯ ಆದೇಶಕ್ಕೆ ತಲೆಬಾಗಿದವರಷ್ಟೇ, ಅವರ ಪ್ರಯೋಗಗಳಿಂದ ವಿಜ್ಞಾನಕ್ಕೆ ಲಾಭವೂ ಆಯಿತು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಎರಡೂ ಮಾತು ನಿಲ್ಲುವುದಿಲ್ಲ.

ನಾಜಿಗಳ ಡಾಖಾವ್ ಸೆರೆಶಿಬಿರದ ಪ್ರಯೋಗಗಳನ್ನೇ ನೋಡಿ. ಅವುಗಳಿಗೆ ಕೈದಿಗಳನ್ನು ಕೊಡಿ ಎಂದು 1941ರಲ್ಲಿ ನಾಜಿ ನಾಯಕ ಹಿಮ್ಲರ್‌ಗೆ ತಾನಾಗಿಯೇ ಪತ್ರ ಬರೆದವನು ವೈದ್ಯ ಸಿಗ್ಮಂಡ್ ರಾಷರ್. ಆಗಿನ ಕಾಲವೇ ಹಾಗಿತ್ತು ಎನ್ನುವಂತೆಯೂ ಇಲ್ಲ: ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೆಂಬ ಮಾರ್ಗಸೂಚಿ ಜರ್ಮನಿಯಲ್ಲೇ 1931ರಲ್ಲಿ ಹೊರಟಿತ್ತು.

ಇನ್ನು ವಿಜ್ಞಾನ. ಕೈದಿಗಳನ್ನು ಹಿಮದಷ್ಟು ತಣ್ಣನೆಯ ನೀರಿನಲ್ಲಿ ಮುಳುಗಿಸಿದ ಪ್ರಯೋಗಗಳ ದಾಖಲೆಯನ್ನು ಪರಿಶೀಲಿಸಿದ ಅಮೆರಿಕದ ವೈದ್ಯ ರಾಬರ್ಟ್ ಬರ್ಗರ್, ಅದು ಅಪೂರ್ಣ, ನಂಬಲು ಯೋಗ್ಯವಲ್ಲ ಎಂದು 1990ರಲ್ಲೇ ತೋರಿಸಿಕೊಟ್ಟರು.

ನ್ಯೂರೆಂಬರ್ಗ್‌ನಲ್ಲಿ ನಡೆದ ವೈದ್ಯರ ಮೊಕದ್ದಮೆಯಲ್ಲಿ ವಿಚಾರಣೆಗೊಳಗಾದ 23 ಮಂದಿಯಲ್ಲಿ 16 ಮಂದಿ ತಪ್ಪಿತಸ್ಥರೆಂದು 1947ರಲ್ಲಿ ತೀರ್ಪಾಯಿತು; 7 ಮಂದಿಗೆ ಮರಣದಂಡನೆ. ಅಲ್ಲಿ ಬಿದ್ದುಹೋದ ಸಮರ್ಥನೆಯನ್ನೇ ಮತ್ತೆ ಅಚ್ಚು ಹಾಕಿದ ಲೇಖನ, ಸತ್ತ ಕೈದಿಗಳ ಬಗ್ಗೆ ಒಂದು ಸಾಲೂ ಬರೆದಿಲ್ಲ.