ಹಾಡಿದೆ, ಹೆಸರಿಲ್ಲ

ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಹಾಡುಗಳಿವೆ ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಬಹಳಷ್ಟು ಜನ ಉತ್ತರ ಕೊಡುವುದು ಜಿಬಿಯಲ್ಲಿ. "ಒಂದು ಎಂಬತ್ತು ಜಿಬಿ ಇರಬಹುದು ಮಾರಾಯ" ಅಂತ. ಮನೆಯಲ್ಲಿ ಎಷ್ಟು ಪುಸ್ತಕ ಇದೆ ಅಂತ ಕೇಳಿದರೆ ಯಾರೂ "ನಲವತ್ತು ಕೆಜಿ" ಅನ್ನುವುದಿಲ್ಲ. ಕೆಜಿ ಲೆಕ್ಕ ರದ್ದಿ ಅಂಗಡಿಯಲ್ಲಿ. ಹಾಡಿನ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ರದ್ದಿ ಅಂಗಡಿ ಇಟ್ಟುಕೊಂಡವರ ಥರ ಮಾತಾಡುತ್ತೇವೆ :-)

ನನ್ನ ಹತ್ತಿರ ಸುಮಾರು ಹನ್ನೊಂದು ಸಾವಿರ ಫೈಲುಗಳಿವೆ. ಸೀಡಿಯಿಂದ ತೆಗೆದದ್ದು, ಕ್ಯಾಸೆಟ್ಟಿನಿಂದ ಇಳಿಸಿದ್ದು, ಗೆಳೆಯರು ಕೊಟ್ಟಿದ್ದು, ದುಡ್ಡು ಕೊಟ್ಟು ಕೊಂಡದ್ದು, ಎಲ್ಲಾ ಸೇರಿ. ಇಷ್ಟು ವರ್ಷ ಇವುಗಳ ಜೊತೆ ಗುದ್ದಾಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ: ಹಾಡು ಕೂಡಿಡುವುದು ದೊಡ್ಡ ಕೆಲಸ ಅಲ್ಲ, ಅದರ ಮೇಲೆ ಸರಿಯಾದ ಹೆಸರು ಬರೆಯುವುದು ದೊಡ್ಡ ಕೆಲಸ. ಅದರಲ್ಲೂ ಕನ್ನಡದ ಹಾಡಿಗೆ ಆ ಕೆಲಸವನ್ನು ನಾವೇ ಮಾಡಬೇಕು. ಬೇರೆ ಯಾರೋ ಬಂದು ಮಾಡುತ್ತಾರೆ ಅಂತ ಕೂತರೆ ಹಾಡು ಉಳಿಯುತ್ತೆ, ಬರೆದವರು, ರಾಗ ಹಾಕಿದವರು ಅಳಿಸಿಹೋಗುತ್ತಾರೆ.

ಕ್ಯಾಸೆಟ್ಟಿನ ಕಾಲದಲ್ಲಿ ಈ ತೊಂದರೆ ಇಷ್ಟು ಇರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ ಕವಿ, ಸಂಗೀತ, ಗಾಯಕರು ಅಂತ ಚಿಕ್ಕ ಅಕ್ಷರದಲ್ಲಾದರೂ ಇರುತ್ತಿತ್ತು. ಸೀಡಿ ಬಂದಾಗ ಚೀಟಿ ಹೊರಗುಳಿಯಿತು, ಹಾಡು ಮಾತ್ರ ಕಂಪ್ಯೂಟರಿನೊಳಗೆ ಹೋಯಿತು. ಹೆಚ್ಚಿನ ಆಡಿಯೋ ಸೀಡಿಗಳಲ್ಲಿ ಹಾಡಿನ ಹೆಸರೇ ಇರುವುದಿಲ್ಲ. ಸೀಡಿ ಹಾಕಿದ ಕೂಡಲೇ ಹೆಸರುಗಳು ತಾವಾಗಿ ಬರುತ್ತಿದ್ದವಲ್ಲ, ಅವು ಬರುತ್ತಿದ್ದದ್ದು ಇಂಟರ್ನೆಟ್ಟಿನ ದತ್ತಸಂಚಯದಿಂದ. ಎಷ್ಟು ಹಾಡು, ಯಾವ ಹಾಡು ಎಷ್ಟು ಉದ್ದ ಅನ್ನುವ ಲೆಕ್ಕ ಹಿಡಿದು ಯಾವ ಸೀಡಿ ಅಂತ ಗುರುತಿಸುತ್ತಿತ್ತು. ಎಲ್ಲೋ ಯಾರೋ ಪುಣ್ಯಾತ್ಮ ಒಮ್ಮೆ ಕೂತು ಕುಟ್ಟಿದ್ದರೆ ನಮಗೆ ಹೆಸರು. ಇಲ್ಲದಿದ್ದರೆ 'ಟ್ರ್ಯಾಕ್ 01, ಅನ್‌ನೋನ್ ಆರ್ಟಿಸ್ಟ್'. ಕನ್ನಡದ ಮಟ್ಟಿಗೆ ಪುಣ್ಯಾತ್ಮರು ಕಡಿಮೆ ಇದ್ದರು ಅಂತ ಬೇರೆ ಹೇಳಬೇಕಿಲ್ಲ. ಇನ್ನು ಬಿಟ್ಟಿ ಡೌನ್‌ಲೋಡ್ ತಾಣಗಳಿಂದ ಬಂದ ಫೈಲುಗಳಲ್ಲಿ ಗಾಯಕನ ಜಾಗದಲ್ಲೂ, ಸಿನಿಮಾದ ಜಾಗದಲ್ಲೂ ಆ ತಾಣದ ವಿಳಾಸವೇ ಕೂತಿರುತ್ತದೆ. ಜಾನಕಿಯವರ ದನಿ, ಕೆಳಗೆ ಯಾವುದೋ ಡಾಟ್ ಕಾಂ!

ಹೆಸರಿಗೆ ಜಾಗ ಮಾಡಿಕೊಟ್ಟ ವ್ಯವಸ್ಥೆಯ ಕಥೆಯೂ ಸ್ವಾರಸ್ಯವಾಗಿದೆ. ಎಂಪಿ3 ಫೈಲಿಗೆ ಮೊದಲು ಹೆಸರು ಬರೆಯುವ ಜಾಗವೇ ಇರಲಿಲ್ಲ. 1996ರಲ್ಲಿ ಐಡಿ3 ಅನ್ನುವ ಟ್ಯಾಗ್ ಬಂತು. ಫೈಲಿನ ಬಾಲಕ್ಕೆ ಅಂಟಿಸುವ 128 ಬೈಟಿನ ಚೀಟಿ ಅದು. ಹಾಡಿನ ಹೆಸರಿಗೆ 30 ಬೈಟ್, ಗಾಯಕನಿಗೆ 30, ಆಲ್ಬಮಿಗೆ 30. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಹೇಗೋ ನಡೆಯುತ್ತಿತ್ತು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆ ಸಂಕೇತಗಳು. 'ಬಂಗಾರದ ಮನುಷ್ಯ' ಅಂತ ಬರೆಯಲು ಎಷ್ಟು ಬೇಕು ಲೆಕ್ಕ ಹಾಕಿ: 12 ಸಂಕೇತ, ಒಂದು ಖಾಲಿ ಜಾಗ, ಒಟ್ಟು 37 ಬೈಟ್. 30ರ ಚೀಟಿಯಲ್ಲಿ ಅದು 'ಬಂಗಾರದ ಮನು' ಅಂತ ನಿಂತುಹೋಗುತ್ತದೆ, ಆಮೇಲೆ ಅರ್ಧ ಕಡಿದ ಒಂದು ಅಕ್ಷರದ ಡಬ್ಬಿ!

ಈ ಕಷ್ಟ ಹಳೆಯದಾಯಿತು ಬಿಡಿ. 1998ರಲ್ಲಿ ಬಂದ ಐಡಿ3ಯ ಎರಡನೇ ಆವೃತ್ತಿಯಲ್ಲಿ ಯೂನಿಕೋಡ್‌ಗೆ ಜಾಗ ಇದೆ, 30ರ ಬೇಲಿ ಇಲ್ಲ. ಅದಕ್ಕಿಂತ ಮುಖ್ಯ ಅಂದರೆ ಅದರಲ್ಲಿ ಸಂಗೀತ ಸಂಯೋಜಕರಿಗೆ ಬೇರೆ, ಗೀತರಚನೆಕಾರರಿಗೆ ಬೇರೆ ಜಾಗ ಇಟ್ಟಿದ್ದಾರೆ. ಅಂದರೆ ಕವಿಯ ಹೆಸರು ಬರೆಯಲು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಖುರ್ಚಿ ಹಾಕಿ ಇಟ್ಟಿದ್ದಾರೆ, ಕೂರಿಸುವವರು ಇಲ್ಲ. ನಿಮ್ಮ ಸಂಗ್ರಹದಲ್ಲಿ ಯಾವುದಾದರೂ ಹತ್ತು ಭಾವಗೀತೆ ತೆರೆದು ನೋಡಿ, ಎಷ್ಟರಲ್ಲಿ ಆ ಜಾಗ ತುಂಬಿದೆ?

ಇದು ಬರೀ ಸೋಮಾರಿತನದ ಪ್ರಶ್ನೆಯಲ್ಲ. ಈ ತಂತ್ರಾಂಶಗಳನ್ನು ಮಾಡಿದವರ ತಲೆಯಲ್ಲಿದ್ದದ್ದು ಒಂದು ಬ್ಯಾಂಡು, ಅದರ ಒಂದು ಆಲ್ಬಮ್, ಅದರಲ್ಲಿ ಹತ್ತು ಹಾಡು. ನಮ್ಮ ಹಾಡುಗಳು ಹಾಗಿಲ್ಲ. 'ಬಂಗಾರದ ಮನುಷ್ಯ' (1972) ಚಿತ್ರದ ಹಾಡನ್ನೇ ತೊಗೊಳ್ಳಿ. ತೆರೆಯ ಮೇಲೆ ರಾಜ್‌ಕುಮಾರ್, ದನಿ ಪಿ.ಬಿ. ಶ್ರೀನಿವಾಸ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್. ಇದರಲ್ಲಿ ಆರ್ಟಿಸ್ಟ್ ಯಾರು? ಎಷ್ಟೋ ಫೈಲುಗಳಲ್ಲಿ ರಾಜ್‌ಕುಮಾರ್ ಅಂತಲೇ ಇರುತ್ತೆ. ಅಣ್ಣಾವ್ರ ಮೇಲಿನ ಪ್ರೀತಿ ನನಗೂ ಇದೆ. ಆದರೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದು 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಮುಂದೆ. ಅದಕ್ಕೂ ಹಿಂದಿನ ಅಷ್ಟೊಂದು ಹಾಡುಗಳಲ್ಲಿ ಪಿಬಿಎಸ್ ಹೆಸರು ಅಳಿಸಿದರೆ ಅದು ಅಣ್ಣಾವ್ರಿಗೂ ಇಷ್ಟ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಭಾವಗೀತೆ ಇನ್ನೂ ತೊಡಕು. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುತ್ತಾರೆ. ನಮ್ಮ ನಾಡಗೀತೆಯನ್ನೇ ನೋಡಿ, ಕುವೆಂಪು ಬರೆದದ್ದು, 2004ರಲ್ಲಿ ನಾಡಗೀತೆ ಆಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವಥ್ ಅವರ ಧಾಟಿಯೋ ಅಂತ ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಆದೇಶ ಮಾಡಬೇಕಾಯಿತು. ಇಡೀ ರಾಜ್ಯಕ್ಕೆ ಧಾಟಿ ಯಾರದು ಅನ್ನುವುದು ಅಷ್ಟು ಮುಖ್ಯವಾದ ಪ್ರಶ್ನೆ. ನಮ್ಮ ಫೋಲ್ಡರಿನಲ್ಲಿ ಮಾತ್ರ ಅದು 'ನಾಡಗೀತೆ_ಹೊಸದು_2.ಎಂಪಿ3'!

ಹೆಸರೊಂದೇ ಇದ್ದರೂ ಸಾಲದು, ವರ್ಷ ಬೇಕು. 'ಗಂಧದ ಗುಡಿ' ಅಂದರೆ 1973ರ ರಾಜನ್-ನಾಗೇಂದ್ರ ಸಂಗೀತದ ಚಿತ್ರವೋ, 2022ರ ಅಪ್ಪುವಿನದ್ದೋ? ತಂತ್ರಾಂಶಕ್ಕೆ ಎರಡೂ ಒಂದೇ, ಅಪ್ಪ-ಮಗನನ್ನು ಒಂದೇ ಆಲ್ಬಮಿನಲ್ಲಿ ಕೂರಿಸಿಬಿಡುತ್ತದೆ. ಹಳೇ ಹಾಡುಗಳ ಸಂಕಲನದ ಸೀಡಿಗಳದ್ದು ಇನ್ನೊಂದು ಅವತಾರ. ಸೀಡಿ ಬಂದ ವರ್ಷವನ್ನೇ ಹಾಡಿನ ವರ್ಷ ಮಾಡಿ, ಎಪ್ಪತ್ತರ ದಶಕದ ಹಾಡಿಗೆ 2003 ಅಂತ ಜಾತಕ ಬರೆದಿರುತ್ತಾರೆ.

ಸರಿ, ನಾನು ಹೇಗೆ ಇಟ್ಟುಕೊಂಡಿದ್ದೇನೆ ಅಂತ ಹೇಳುತ್ತೇನೆ. ಇದೇ ಸರಿ ಅಂತಲ್ಲ, ಆದರೆ ಪ್ರತಿಯೊಂದಕ್ಕೂ ಕಾರಣ ಇದೆ.

1. ಫೈಲಿನ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಟ್ಯಾಗ್ ಕನ್ನಡದಲ್ಲಿ. ಕನ್ನಡಾಭಿಮಾನಿಗಳು ಕಲ್ಲು ಹೊಡೆಯಬೇಡಿ :-) ಎಷ್ಟೋ ಕಾರಿನ ಸ್ಟೀರಿಯೋಗಳು ಕನ್ನಡ ಕಂಡರೆ ಬರೀ ಡಬ್ಬಿ ತೋರಿಸುತ್ತವೆ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಫೈಲಿನ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದಲ್ಲಿ 85 ಸಂಕೇತ. ಫೈಲಿನ ಹೆಸರು ಸಾಗಣೆಗೆ, ಟ್ಯಾಗ್ ಓದುವುದಕ್ಕೆ. ಟ್ಯಾಗನ್ನು ಐಡಿ3 2.3 ಆವೃತ್ತಿಯಲ್ಲಿ ಉಳಿಸುತ್ತೇನೆ, ಹಳೆಯ ಉಪಕರಣಗಳು 2.4ಕ್ಕಿಂತ ಅದನ್ನು ಚೆನ್ನಾಗಿ ಓದುತ್ತವೆ.

2. ಒಬ್ಬರಿಗೆ ಒಂದೇ ಹೆಸರು. ಎಸ್. ಜಾನಕಿ, ಎಸ್ ಜಾನಕಿ, ಜಾನಕಿ ಎಸ್, ಬರೀ ಜಾನಕಿ - ಕಂಪ್ಯೂಟರಿನ ಪ್ರಕಾರ ಇವರು ನಾಲ್ಕು ಜನ. ಕನ್ನಡದಲ್ಲಿ ಬರೆದರೆ ಇನ್ನೊಂದು ಭೂತ ಇದೆ. 'ರಾಜ್‌ಕುಮಾರ್' ಅಂತ ಬರೆಯುವಾಗ ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವಲ್ಲ, ಒತ್ತಕ್ಷರ ಆಗದಿರಲಿ ಅಂತ? ಒಂದು ಫೈಲಿನಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹುಡುಕಾಟದಲ್ಲಿ ಅರ್ಧ ಹಾಡು ಸಿಗುವುದೇ ಇಲ್ಲ. ಒಂದು ಪಠ್ಯ ಕಡತದಲ್ಲಿ ಎಲ್ಲರ ಹೆಸರೂ ಒಮ್ಮೆ ಬರೆದಿಟ್ಟುಕೊಂಡು ಅಲ್ಲಿಂದಲೇ ನಕಲು ಮಾಡಿ ಅಂಟಿಸುತ್ತೇನೆ.

3. ಆಲ್ಬಮ್ ಅಂದರೆ ಚಿತ್ರದ ಹೆಸರು, ಬ್ರ್ಯಾಕೆಟ್ಟಿನಲ್ಲಿ ಚಿತ್ರ ತೆರೆಕಂಡ ವರ್ಷ. ಆರ್ಟಿಸ್ಟ್ ಅಂದರೆ ಹಾಡಿದವರು ಮಾತ್ರ. ಕವಿಗೆ ಕವಿಯ ಜಾಗ, ಸಂಗೀತಕ್ಕೆ ಸಂಗೀತದ ಜಾಗ. ಶಾಸ್ತ್ರೀಯ ಸಂಗೀತವಾದರೆ ರಾಗ, ತಾಳ ಕೂಡ. ಫ್ಲ್ಯಾಕ್ ಫೈಲಿನಲ್ಲಿ ನಮಗೆ ಬೇಕಾದ ಹೆಸರಿನ ಜಾಗ ನಾವೇ ಮಾಡಿಕೊಳ್ಳಬಹುದು, 'ರಾಗ' ಅಂತ ಒಂದು ಖಾನೆ ಮಾಡಿದ ದಿನ ಮನ್ಸೂರರ ಸಂಗ್ರಹ ತಾನಾಗಿ ಸಾಲಾಗಿ ನಿಂತಿತು.

4. ಎಲ್ಲಿಂದ ಬಂತು ಅಂತ ಕಾಮೆಂಟಿನಲ್ಲಿ ಬರೆಯುವುದು. ಸೀಡಿಯೋ, ಕ್ಯಾಸೆಟ್ಟೋ, ಕೊಂಡದ್ದೋ. ಒಂದೇ ಹಾಡಿನ ಮೂರು ಪ್ರತಿ ಇದ್ದಾಗ ಯಾವುದನ್ನು ಉಳಿಸಬೇಕು ಅಂತ ಇದರಿಂದಲೇ ಗೊತ್ತಾಗುವುದು. 320 ಅಂತ ಬರೆದಿದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. 128ರ ಫೈಲನ್ನೇ ಹಿಗ್ಗಿಸಿ 320 ಮಾಡಿದರೆ ಹೋದ ದನಿ ವಾಪಸ್ ಬರುವುದಿಲ್ಲ, ಜಾಗ ಮಾತ್ರ ಎರಡೂವರೆ ಪಟ್ಟು.

5. ನಾನೇ ಸೀಡಿ, ಕ್ಯಾಸೆಟ್ಟಿನಿಂದ ತೆಗೆದದ್ದು ಫ್ಲ್ಯಾಕ್‌ನಲ್ಲಿ. ಐದು ನಿಮಿಷದ ಹಾಡು ಸೀಡಿಯಲ್ಲಿ ಸುಮಾರು 50 ಎಂಬಿ. ಫ್ಲ್ಯಾಕ್ ಮಾಡಿದರೆ ಹೆಚ್ಚುಕಮ್ಮಿ ಅದರ ಅರ್ಧ, ದನಿ ಒಂದಿಷ್ಟೂ ಕಳೆಯುವುದಿಲ್ಲ. ಮೊಬೈಲಿಗೆ ಬೇಕಾದಾಗ ಅದರಿಂದ ಎಂಪಿ3 ಮಾಡಿಕೊಂಡರಾಯಿತು. ಇವೆಲ್ಲದರ ಪ್ರತಿ ಎರಡು ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ತಂಗಿ ಮನೆಯಲ್ಲಿ.

ಉಪಕರಣಗಳ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಎಂಪಿ3ಟ್ಯಾಗ್, ಕಿಡ್3, ಫೂಬಾರ್2000, ಪಿಕಾರ್ಡ್ ಯಾವುದಾದರೂ ಆಗುತ್ತೆ. ನೂರು ಫೈಲು ಒಟ್ಟಿಗೆ ಆರಿಸಿ ಸಂಗೀತ ನಿರ್ದೇಶಕರ ಹೆಸರು ಒಮ್ಮೆ ಬರೆದರೆ ಎಲ್ಲದಕ್ಕೂ ಹತ್ತುತ್ತದೆ.

"ಅಯ್ಯೋ, ಇದೆಲ್ಲ ಯಾಕೆ ಸ್ವಾಮಿ? ಈಗ ಎಲ್ಲಾ ಹಾಡೂ ಮೊಬೈಲಿನಲ್ಲೇ ಸಿಗುತ್ತಲ್ಲ, ಒಂದು ಬಟನ್ ಒತ್ತಿದರೆ ಆಯಿತು" ಅನ್ನುವವರಿಗೆ ಎರಡು ಮಾತು. ಸಿಗುತ್ತೆ ನಿಜ, ನಾನೂ ಕೇಳುತ್ತೇನೆ. ಆದರೆ ಅದು ಬಾಡಿಗೆ ಮನೆ. ಮೈಸ್ಪೇಸ್‌ನಲ್ಲಿ 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಾಯಿಸುವಾಗ ಹೋದವು ಅಂತ 2019ರಲ್ಲಿ ಎಲ್ಲರಿಗೂ ಗೊತ್ತಾಯಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಬಾಗಿಲು ಹಾಕಿತು. ಸೀಡಿ ಹೆಸರು ಹುಡುಕಿಕೊಡುತ್ತಿದ್ದ ಫ್ರೀಡಿಬಿ ಕೂಡ ಅದೇ ವರ್ಷ ಹೋಯಿತು. ಬಾಡಿಗೆ ಮನೆಯಲ್ಲಿ ಹೆಸರು ತಪ್ಪಿದ್ದರೆ ತಿದ್ದುವ ಪೆನ್ನೂ ನಮ್ಮ ಕೈಯಲ್ಲಿರುವುದಿಲ್ಲ.

ಎರಡನೆಯದು, ಅಲ್ಲಿ ಯಾವತ್ತೂ ಬರದ ದನಿಗಳು ನಮ್ಮ ಮನೆಗಳಲ್ಲಿವೆ. ನನ್ನ ಸೋದರಮಾವನ ಹತ್ತಿರ ಎಂಬತ್ತರ ದಶಕದಲ್ಲಿ ಬಯಲಾಟ, ತಾಳಮದ್ದಲೆಗಳಲ್ಲಿ ಮುಂದೆ ಕೂತು ರೆಕಾರ್ಡ್ ಮಾಡಿದ ನೂರಾ ನಲವತ್ತು ಕ್ಯಾಸೆಟ್ಟುಗಳಿದ್ದವು. ಕಾಳಿಂಗ ನಾವಡರ ಭಾಗವತಿಕೆ, ಶೇಣಿಯವರ ಅರ್ಥ, ಜೊತೆಗೆ ಹೆಸರು ಎಲ್ಲೂ ಅಚ್ಚಾಗದ ಎಷ್ಟೋ ಊರ ಕಲಾವಿದರು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದೇನೆ. ಕೆಲವು ಕ್ಯಾಸೆಟ್ಟಿನ ಮೇಲೆ ನಂಬರ್ ಬಿಟ್ಟರೆ ಏನೂ ಇಲ್ಲ. ನಂಬರಿಗೆ ಹೊಂದುವ ನೋಟ್‌ಬುಕ್ಕಿನಲ್ಲಿ ಪ್ರಸಂಗ, ಊರು, ತಾರೀಕು ಇದೆ, ಯಾರು ಯಾರು ಅಂತ ಇಲ್ಲ. ಮಾವನಿಗೆ ಕೇಳಿಸಿದರೆ ಎರಡೇ ಮಾತಿಗೆ "ಇದು ಇಂಥವರು" ಅನ್ನುತ್ತಾರೆ. ನನಗೆ ಅಷ್ಟು ಕಿವಿ ಇಲ್ಲ, ನನ್ನ ಮಗನಿಗೆ ಖಂಡಿತ ಇಲ್ಲ.

ಮಾವನಿಗೆ ಈಗ ಎಂಬತ್ತೊಂದು. ಕಿವಿ ಸ್ವಲ್ಪ ಮಂದ ಆಗುತ್ತಿದೆ. ಭಾನುವಾರ ಫೋನ್ ಮಾಡಿ, ಎರಡು ನಿಮಿಷದ ತುಣುಕು ಕೇಳಿಸಿ, ಅವರು ಹೇಳಿದ ಹೆಸರು ಟ್ಯಾಗಿಗೆ ಹಾಕುತ್ತೇನೆ. ಐವತ್ತೆಂಟು ಕ್ಯಾಸೆಟ್ ಮುಗಿದಿದೆ. ಅವರು ಗುರುತಿಸದೆ ಬಿಟ್ಟದ್ದನ್ನು ಇನ್ನು ಯಾವ ತಂತ್ರಾಂಶವೂ ಗುರುತಿಸುವುದಿಲ್ಲ. ಡಿಸ್ಕ್ ಕೆಟ್ಟರೆ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇದೆ, ಮಾವನ ನೆನಪಿಗೆ ಪ್ರತಿ ಇಲ್ಲ. ಎಲ್ಲರ ಮನೆಯಲ್ಲೂ ಇಂಥ ಒಂದು ಕಿವಿ ಇರುತ್ತದೆ. ಅಜ್ಜಿ ಹಾಡಿದ ಸಂಪ್ರದಾಯದ ಹಾಡಿರಬಹುದು, ಊರ ಭಜನಾ ಮಂಡಳಿಯದ್ದಿರಬಹುದು. ಸಿನಿಮಾ ಹಾಡಿನ ಹೆಸರನ್ನು ಮುಂದಿನ ವರ್ಷ ಬರೆದರೂ ನಡೆಯುತ್ತೆ. ಇದನ್ನು ಈ ತಿಂಗಳೇ ಶುರು ಮಾಡಿ.

ಇನ್ನೊಂದು ಆಸೆ. ನಾವೆಲ್ಲ ಕೂತು ಬರೆದದ್ದು ನಮ್ಮ ನಮ್ಮ ಡಿಸ್ಕಿನಲ್ಲೇ ಉಳಿಯುವುದು ಬೇಡ. ಮ್ಯೂಸಿಕ್‌ಬ್ರೇನ್ಜ್ ಅಂತ ಮುಕ್ತ ದತ್ತಸಂಚಯ ಇದೆ, ವಿಕಿಪೀಡಿಯದ ಥರ ಯಾರು ಬೇಕಾದರೂ ಸೇರಿಸಬಹುದು. ಗೀತರಚನೆ ಯಾರದು, ಸಂಗೀತ ಯಾರದು ಅಂತ ಬೇರೆ ಬೇರೆ ದಾಖಲಿಸಬಹುದು, ಕನ್ನಡ ಲಿಪಿಯಲ್ಲೂ ಬರೆಯಬಹುದು. ಯೂನಿಕೋಡ್‌ನಲ್ಲಿ ಕನ್ನಡ ಮೂಡಿಸಲು ಅಷ್ಟೆಲ್ಲ ಒದ್ದಾಡಿದವರು ನಾವು, ಕವಿಯ ಹೆಸರೊಂದನ್ನು ಕುಟ್ಟಲು ಆಗುವುದಿಲ್ಲವೇ? ಒಬ್ಬೊಬ್ಬರು ನಿಮ್ಮ ಕಪಾಟಿನಲ್ಲಿರುವ ಐದೇ ಐದು ಕನ್ನಡ ಸೀಡಿಗಳ ಚೀಟಿ ನೋಡಿ ಅಲ್ಲಿಗೆ ಏರಿಸಿದರೆ ಸಾಕು.

ಅಂದ ಹಾಗೆ, ನೀವೆಲ್ಲ ಹಾಡುಗಳನ್ನು ಹೇಗೆ ಇಟ್ಟುಕೊಂಡಿದ್ದೀರಿ? ಟ್ಯಾಗು ಕನ್ನಡದಲ್ಲೋ, ಇಂಗ್ಲಿಷಿನಲ್ಲೋ? ಕನ್ನಡ ಸರಿಯಾಗಿ ತೋರಿಸುವ ಕಾರಿನ ಸ್ಟೀರಿಯೋ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ, ನನ್ನ ಒಂದನೇ ನಿಯಮ ಆವತ್ತೇ ಬದಲಾಯಿಸುತ್ತೇನೆ :-)