ಇಬ್ಬರು ಡಾಕ್ಟರಮ್ಮಂದಿರ ಜಗಳ

ಅಮೆರಿಕದ ಲೈಫ್‌ಟೈಮ್ ವಾಹಿನಿಯಲ್ಲಿ 2000ದಿಂದ 2006ರವರೆಗೆ ಬಂದ ‘ಸ್ಟ್ರಾಂಗ್ ಮೆಡಿಸಿನ್’ ಧಾರಾವಾಹಿಗೆ ಇತರ ಆಸ್ಪತ್ರೆ ಧಾರಾವಾಹಿಗಳಾದ ‘ಇಆರ್’ನ ವೇಗವಾಗಲಿ, ‘ಗ್ರೇಸ್ ಅನಾಟಮಿ’ಯ ಮೆರುಗಾಗಲಿ ಇರಲಿಲ್ಲ. ವಾರಕ್ಕೊಂದು ರೋಗ, ಮುಕ್ಕಾಲು ಗಂಟೆಯೊಳಗೆ ಪರಿಹಾರ. ಆದರೆ ಅದರಲ್ಲೊಂದು ಸೊಗಸಾದ ಜಗಳವಿತ್ತು.

ಫಿಲಡೆಲ್ಫಿಯಾದ ಒಂದು ಕಲ್ಪಿತ ಆಸ್ಪತ್ರೆ. ಹಾರ್ವರ್ಡ್‌ನಲ್ಲಿ ಓದಿದ ಡಾ. ಡೇನಾ ಸ್ಟೋವ್‌ಗೆ ಸಂಶೋಧನೆಯೇ ಪ್ರಾಣ. ಡಾ. ಲೂ ಡೆಲ್ಗಾಡೊ ಬಡತನದಲ್ಲಿ ಬೆಳೆದ ಲ್ಯಾಟಿನಾ ಹೆಣ್ಣುಮಗಳು. ಒಬ್ಬಳೇ ಮಗನನ್ನು ಸಾಕುತ್ತ, ಬಡವರ ಕೇರಿಯಲ್ಲಿ ಉಚಿತ ಚಿಕಿತ್ಸಾಲಯ ನಡೆಸಿದವಳು. ಇಬ್ಬರೂ ಒಂದೇ ಸೂರಿನಡಿ ಹೆಂಗಸರಿಗೆ ಮದ್ದು ಕೊಡಬೇಕು. ಡೇನಾಳ ಕಣ್ಣು ಲ್ಯಾಬ್ ವರದಿಯ ಮೇಲೆ. ಲೂಗೆ ಚಿಕಿತ್ಸೆಗೆ ಬಂದ ಹೆಂಗಸಿನ ಮನೆಯಲ್ಲಿ ಯಾರಿದ್ದಾರೆ, ಬರೆದುಕೊಟ್ಟ ಮಾತ್ರೆಗೆ ದುಡ್ಡಿದೆಯೇ ಎಂಬ ಚಿಂತೆ. ಯಾರದು ಸರಿ ಎಂದು ಕಥೆ ಬೇಗ ತೀರ್ಪು ಕೊಡುತ್ತಿರಲಿಲ್ಲ. ನನಗೆ ಹಿಡಿಸಿದ್ದು ಇದೇ.

ಹೆಂಗಸರಿಗೇ ಬೇರೆ ಚಿಕಿತ್ಸಾಲಯವೇಕೆ ಎನ್ನುವವರಿಗೆ ಉತ್ತರ ಇತಿಹಾಸದಲ್ಲಿದೆ. ಹೆರುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭಿಕ ಪ್ರಯೋಗಗಳಿಂದ ದೂರವಿಡಿ ಎಂದು ಅಮೆರಿಕದ ಔಷಧ ಆಡಳಿತವೇ 1977ರಲ್ಲಿ ಸೂಚಿಸಿತ್ತು. ಆ ನಿಲುವು ಬದಲಾದದ್ದು 1993ರಲ್ಲಿ. ಹೃದಯಾಘಾತವಾದ ಹೆಂಗಸು ಎದೆನೋವೆನ್ನದೆ ವಾಕರಿಕೆ, ಸುಸ್ತು, ದವಡೆ ನೋವು ಎಂದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಮನೆಗೆ ಕಳಿಸುವ ಅಪಾಯ ಇವತ್ತಿಗೂ ತಪ್ಪಿಲ್ಲ. ಅದು ಅಮೆರಿಕದ ಮಾತಷ್ಟೇ ಅಲ್ಲ.

ಕಥೆಗೆ ಫಿಲಡೆಲ್ಫಿಯಾ ಒಪ್ಪುವ ಊರು. 1850ರಲ್ಲಿ ಅಲ್ಲಿ ಶುರುವಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲೇ ನಮ್ಮ ಆನಂದಿಬಾಯಿ ಜೋಶಿ ಓದಿ 1886ರಲ್ಲಿ ಪದವಿ ಪಡೆದದ್ದು. ಅಲ್ಲೇ ಓದುತ್ತಿದ್ದ ಜಪಾನಿನ ಕೇಯ್ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಜೊತೆ, ತಂತಮ್ಮ ನಾಡಿನ ಉಡುಗೆಯಲ್ಲಿ, ಆಕೆ ಇರುವ 1885ರ ಫೋಟೊ ನೀವೂ ನೋಡಿರಬಹುದು. ಆ ಮೂವರ ಕಥೆಯೇ ಒಂದು ಧಾರಾವಾಹಿಗಾಗುವಷ್ಟಿದೆ, ಬಿಡಿ.

‘ಸ್ಟ್ರಾಂಗ್ ಮೆಡಿಸಿನ್’ ಎಡವಿದ್ದು ಹಣದ ವಿಷಯದಲ್ಲಿ. ಆಗ ಸುಮಾರು 4 ಕೋಟಿ ಅಮೆರಿಕನ್ನರಿಗೆ ಆರೋಗ್ಯ ವಿಮೆಯೇ ಇರಲಿಲ್ಲ. ಕಥೆ ಇದಕ್ಕೆ ಹುಡುಕಿದ ಮದ್ದು ಲೂಳ ಒಳ್ಳೆಯತನ, ಆಕೆಯ ಹಟ. ಒಬ್ಬಳು ಡಾಕ್ಟರ್ ಎಷ್ಟು ಗಟ್ಟಿಗಿತ್ತಿಯಾದರೂ ವಿಮೆ ಕಂಪನಿಯನ್ನು ವಾರವಾರ ಮಣಿಸಲಾರಳು. ಆ ವ್ಯವಸ್ಥೆಯನ್ನು ತಕ್ಕಮಟ್ಟಿಗೆ ಅಲುಗಿಸಲು 2010ರ ಆರೋಗ್ಯ ವಿಮೆ ಕಾನೂನೇ ಬೇಕಾಯಿತು.

ಡೇನಾ ಪಾತ್ರದ ಜನೀನ್ ಟರ್ನರ್ 2002ರಲ್ಲಿ ಹೊರಟರು. ಆ ಜಾಗಕ್ಕೆ ಸೇನೆಯಲ್ಲಿದ್ದ ವೈದ್ಯೆಯೊಬ್ಬಳು ಬಂದಳು, ಕೊನೆಯ ಸೀಸನ್ನಿನಲ್ಲಿ ಗಂಡಸು ಡಾಕ್ಟರ್ ಬಂದ. ಜಗಳದ ಕಾವು ಆರಿತು. ಮೊದಲೆರಡು ಸೀಸನ್ ಸಿಕ್ಕರೆ ನೋಡಿ. ಉಳಿದದ್ದು ಬಿಟ್ಟರೆ ನಷ್ಟವಿಲ್ಲ.